ಬೀದರದ ಕೆಂಪುಕಲ್ಲು ಬಲ್ಲವರಿಗೆ ವರ್ಕಲದ ಕಡಲಗೋಡೆ

ಸಮುದ್ರ ಅಂದರೆ ನಮ್ಮ ಬೀದರ-ಕಲಬುರಗಿ ಕಡೆಯವರಿಗೆ ಗೋವಾ, ಇಲ್ಲದಿದ್ದರೆ ಮುರ್ಡೇಶ್ವರ. ಅಲ್ಲಿ ದಂಡೆ ಮಟ್ಟಸ, ಗಾಡಿ ಇಳಿದು ನಡೆದರೆ ನೀರು. ಕೇರಳದ ವರ್ಕಲದಲ್ಲಿ ಊರು ಮೇಲಿದೆ, ಕಡಲು ಕೆಳಗಿದೆ, ನಡುವೆ ಇಪ್ಪತ್ತೈದು-ಮೂವತ್ತು ಮೀಟರ್ ಎತ್ತರದ ಕೆಂಪು ಗೋಡೆ ಕಿಲೋಮೀಟರುಗಟ್ಟಲೆ ಹಬ್ಬಿದೆ. ಹೋಟೆಲು, ಅಂಗಡಿ, ತಿರುಗಾಟ ಎಲ್ಲ ಆ ಗೋಡೆಯ ತುದಿಯಲ್ಲಿ. ಸ್ನಾನ, ತರ್ಪಣ, ಮೀನುಗಾರಿಕೆ ಅದರ ಬುಡದಲ್ಲಿ.

ಈ ಗೋಡೆಯನ್ನು ಓದುವುದು ಬೀದರದವರಿಗೆ ಬೇರೆಯವರಿಗಿಂತ ಸುಲಭ. ಬೀದರ ಕೋಟೆ ನಿಂತಿರುವುದೂ ಕಂದಕ ಕೊರೆದಿರುವುದೂ ಇದೇ ಜಂಬಿಟ್ಟಿಗೆ ಕಲ್ಲಿನಲ್ಲಿ. ಕಲ್ಲಿನೊಳಗೆ ಇಳಿದ ಮಳೆನೀರು ಕೆಳಗಿನ ಬಿಗಿ ಪದರಕ್ಕೆ ತಾಗಿ, ಗುಡ್ಡದ ಅಂಚಿನಲ್ಲಿ ಹೊರಗೆ ಬರುತ್ತದೆ. ಬೀದರದ ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶದ ಹೊಂಡ ಎಲ್ಲ ಹೀಗೆ ಬಂದ ನೀರು. ವರ್ಕಲದಲ್ಲಿ ಎಲ್ಲಿ ಕೂಡಬೇಕು, ಎಲ್ಲಿ ಕೂಡಬಾರದು, ಯಾವ ರೂಮು ಹಿಡಿಯಬೇಕು ಎಂಬುದನ್ನು ಕೊನೆಗೆ ಹೇಳುವುದು ಈ ನೀರೇ.

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಡಲು ಕೆರಳಿರುತ್ತದೆ, ಗುಡ್ಡ ನೆನೆದಿರುತ್ತದೆ. ನೋಡಲು ಚೆಂದ, ಇಳಿಯಲು ಅಲ್ಲ. ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡ. ಹೊಸ ವರ್ಷದ ಗದ್ದಲ ಒಂದು ಕಡೆ, ಡಿಸೆಂಬರ್ 30ರಿಂದ ಜನವರಿ 1ರ ತನಕ ಹಳದಿ ಬಟ್ಟೆ ತೊಟ್ಟು ನಾರಾಯಣ ಗುರುಗಳ ಶಿವಗಿರಿ ಮಠಕ್ಕೆ ಬರುವ ಯಾತ್ರಿಕರು ಇನ್ನೊಂದು ಕಡೆ. ರೈಲಿನಲ್ಲಿ ಕಾಲಿಡಲು ಜಾಗವಿಲ್ಲ, ರೂಮಿನ ದರ ಕೇಳುವಂತಿಲ್ಲ.

ನಮ್ಮವರು ಹೊರಡುವುದು ಹೆಚ್ಚಾಗಿ ಏಪ್ರಿಲ್-ಮೇ ರಜೆಯಲ್ಲಿ. ಕಲಬುರಗಿಯಲ್ಲಿ ನಲವತ್ತೆರಡು ಡಿಗ್ರಿ ಇರುವಾಗ ಅಲ್ಲಿ ಮೂವತ್ತಮೂರು ಎಂದು ಹಿಗ್ಗಬೇಡಿ. ನಮ್ಮದು ಒಣ ಬಿಸಿಲು, ಬೆವರು ಬಂದ ಹಾಗೇ ಆರುತ್ತದೆ. ಅಲ್ಲಿ ಬೆವರು ಆರುವುದೇ ಇಲ್ಲ, ಅಂಗಿ ದಿನಕ್ಕೆ ಎರಡು ಬೇಕು. ರಜೆಯ ಈ ಕಾಲಕ್ಕೇ ಇನ್ನೊಂದು ಅಪಾಯವೂ ಇದೆ, ಅದರ ಮಾತು ಮೂರನೆಯ ದಿನದಲ್ಲಿ ಬರುತ್ತದೆ.

ಬುತ್ತಿ ಕಟ್ಟುವಾಗ ನೆನಪಿಡಿ: ಕಡಕ್ ರೊಟ್ಟಿ ನಮ್ಮೂರಲ್ಲಿ ತಿಂಗಳು ಇದ್ದರೂ ಕೇರಳದ ಗಾಳಿಯಲ್ಲಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಸುತ್ತಬೇಡಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಶೇಂಗಾ ಹಿಂಡಿಯೂ ಹಾಗೇ, ಒದ್ದೆ ಚಮಚ ತಾಗಿದರೆ ಗಟ್ಟಿ ಉಂಡೆಯಾಗುತ್ತದೆ. ಮೆತ್ತಗಾದ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿದರೆ ಒಂದು ಹೊತ್ತಿನ ಊಟ ಆಯಿತು.

ಮೊದಲ ದಿನ: ರೈಲು

ಪುಣೆ–ಕನ್ಯಾಕುಮಾರಿ ಎಕ್ಸ್‌ಪ್ರೆಸ್ ನಮ್ಮ ಪಾಲಿಗೆ ನೇರ ಗಾಡಿ. ಕಲಬುರಗಿಯಲ್ಲಿ ಹತ್ತಿದರೆ ವರ್ಕಲ ಶಿವಗಿರಿ ನಿಲ್ದಾಣದಲ್ಲಿ ಇಳಿಯಬಹುದು, ನಡುವೆ ಗಾಡಿ ಬದಲಿಸುವ ತಾಪತ್ರಯವಿಲ್ಲ. ಮೂವತ್ತು ತಾಸಿನ ಆಸುಪಾಸು ಪ್ರಯಾಣ. ಕಲಬುರಗಿ ಬಿಡುವುದು ಬೆಳಗಿನ ಜಾವವಾದ್ದರಿಂದ ಬೀದರದವರು ಹಿಂದಿನ ಸಂಜೆಯೇ ಬಂದು ತಂಗುವುದು ವಾಸಿ. 2017ರಲ್ಲಿ ಶುರುವಾದ ಬೀದರ–ಕಲಬುರಗಿ ರೈಲು ಮಾರ್ಗ ಇದಕ್ಕೆ ಅನುಕೂಲ. ಅದು ಹೊಂದದಿದ್ದರೆ ಹೈದರಾಬಾದಿಗೆ ಹೋಗಿ ಸಿಕಂದರಾಬಾದಿನ ಶಬರಿ ಎಕ್ಸ್‌ಪ್ರೆಸ್ ಹಿಡಿಯಬಹುದು, ಅದೂ ವರ್ಕಲದಲ್ಲಿ ನಿಲ್ಲುತ್ತದೆ. ಸಮಯಪಟ್ಟಿ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ದಿನವೇ ನೋಡಿಕೊಳ್ಳಿ.

ಹಗಲೆಲ್ಲ ಕಾಣುವುದು ಪರಿಚಿತ ನೆಲ: ವಾಡಿಯ ಸಿಮೆಂಟಿನ ಧೂಳು, ಯಾದಗಿರಿಯ ಬಂಡೆಗುಡ್ಡ, ರಾಯಚೂರಿಗೆ ಮುಂಚೆ ಕೃಷ್ಣಾ ನದಿಯ ಉದ್ದನೆಯ ಸೇತುವೆ. ಗುಂತಕಲ್ ದಾಟಿದ ಮೇಲೆ ಬಿಸಿಲಿಗೆ ಕಿಟಕಿಯ ಸರಳೂ ಸುಡುತ್ತದೆ, ಪಶ್ಚಿಮದ ಬದಿಯ ಕಿಟಕಿ ಸೀಟು ಸಿಕ್ಕವರು ಮಧ್ಯಾಹ್ನದಿಂದ ಶಟರ್ ಎಳೆದುಕೊಳ್ಳಬೇಕು. ಕುಡಿಯುವ ನೀರು ತಿರುಪತಿಯಲ್ಲೇ ತುಂಬಿಕೊಂಡರೆ ರಾತ್ರಿ ಪರದಾಟ ಇಲ್ಲ. ಪಶ್ಚಿಮ ಘಟ್ಟದ ಸಾಲಿನಲ್ಲಿ ಬಿಟ್ಟ ಬಾಗಿಲಿನಂತಿರುವ ಪಾಲಕ್ಕಾಡ್ ಕಂಡಿಯನ್ನು ಗಾಡಿ ಕತ್ತಲಲ್ಲಿ ದಾಟುತ್ತದೆ. ನೋಡಲು ಏನೂ ಸಿಗುವುದಿಲ್ಲ, ಮಲಗಿ.

ಎರಡನೆಯ ದಿನ: ಇಳಿಯುವುದು, ರೂಮು ಹಿಡಿಯುವುದು

ಕೊಲ್ಲಂ ಬಿಟ್ಟ ಮೇಲೆ ಪರವೂರು ಬರುತ್ತದೆ. ಅಲ್ಲಿ ಹಳಿಯ ಪಕ್ಕ ಹಿನ್ನೀರು ಕಂಡ ಕೂಡಲೇ ಸಾಮಾನು ಬಾಗಿಲಿಗೆ ತನ್ನಿ. ವರ್ಕಲದಲ್ಲಿ ಗಾಡಿ ನಿಲ್ಲುವುದು ಅರೆಗಳಿಗೆ. ಹತ್ತು ಜನರ ಕುಟುಂಬ, ಇಪ್ಪತ್ತು ಗಂಟು ಇದ್ದರೆ ಕೊನೆಯವರು ಮುಂದಿನ ನಿಲ್ದಾಣ ನೋಡಿಯೇ ಬರುತ್ತಾರೆ.

ನಿಲ್ದಾಣದಿಂದ ಕಡಲಿಗೆ ಮೂರು ಕಿಲೋಮೀಟರ್ ಚಿಲ್ಲರೆ. ಆಟೋದವರಿಗೆ ಬರೀ ‘ಬೀಚ್’ ಎಂದರೆ ಸಾಲದು. ಜಾಗ ಮೂರು, ಮೂರಕ್ಕೂ ದಾರಿ ಬೇರೆ: ದೇವಸ್ಥಾನದ ಬದಿಯ ಪಾಪನಾಶಂ, ಅದರ ಉತ್ತರಕ್ಕೆ ಹೆಲಿಪ್ಯಾಡ್ ಇರುವ ನಾರ್ತ್ ಕ್ಲಿಫ್, ದಕ್ಷಿಣಕ್ಕೆ ಸೌತ್ ಕ್ಲಿಫ್. ಮೊಣಕಾಲು ನೋವಿನ ಹಿರಿಯರಿದ್ದರೆ ಪಾಪನಾಶಂ ರಸ್ತೆಯಲ್ಲೇ ರೂಮು ಹಿಡಿಯಿರಿ. ಗಾಡಿ ಕಡಲಿನ ಮಟ್ಟಕ್ಕೇ ಇಳಿಯುವುದು ಅಲ್ಲಿ ಮಾತ್ರ. ನಾರ್ತ್ ಕ್ಲಿಫ್‌ನಿಂದ ನೀರಿಗೆ ಹೋಗಬೇಕೆಂದರೆ ಕಡಿದಾದ ಮೆಟ್ಟಿಲು. ಹೋಗುವಾಗ ಸುಲಭ, ಮರಳು ಮೆತ್ತಿದ ಒದ್ದೆ ಕಾಲಲ್ಲಿ ಹತ್ತುವಾಗ ಜಾರುತ್ತದೆ. ರಬ್ಬರ್ ಹವಾಯಿ ಚಪ್ಪಲಿಗಿಂತ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು.

ಗೋಡೆಯ ಅಂಚಿನಲ್ಲೇ ಇರುವ ರೂಮಿಗೆ ದರ ಹೆಚ್ಚು. ಕೊಡುವುದು ನೋಟಕ್ಕೆ, ಜೊತೆಗೆ ರಾತ್ರಿ ತಡವಾಗುವ ತನಕ ಪಕ್ಕದ ಹೋಟೆಲಿನ ಹಾಡೂ ಸಿಗುತ್ತದೆ. ನೂರು-ನೂರೈವತ್ತು ಮೀಟರ್ ಒಳಗೆ ತೆಂಗಿನ ತೋಟದ ನಡುವಿನ ಮನೆಗಳಲ್ಲಿ ಅರ್ಧ ದರಕ್ಕೆ ನಿದ್ದೆ ಬರುತ್ತದೆ. ನಮ್ಮ ಅಭಿಪ್ರಾಯ ಒಳಗಿನ ರೂಮಿನ ಕಡೆಗೇ, ಬರೀ ದುಡ್ಡಿಗಾಗಿ ಅಲ್ಲ. ಕಾರಣ ನಾಳೆ ಗೋಡೆಯ ಬುಡದಲ್ಲಿ ನಿಂತಾಗ ಕಾಣುತ್ತದೆ.

ಸಂಜೆಗೆ ಹೆಲಿಪ್ಯಾಡ್‌ನಿಂದ ಉತ್ತರಕ್ಕೆ ಅಂಚಿನ ಕಾಲುದಾರಿ ಹಿಡಿಯಿರಿ. ಕಲ್ಲು ಹಾಸಿದ್ದಾರೆ, ಆದರೆ ಎಷ್ಟೋ ಕಡೆ ಕಟಾಂಜನವಿಲ್ಲ. ಮಕ್ಕಳನ್ನು ಅಂಗಡಿಯ ಬದಿಗೆ, ದೊಡ್ಡವರು ಕಡಲಿನ ಬದಿಗೆ. ಸೆಲ್ಫಿಗಾಗಿ ಹಿಂದೆ ಹಿಂದೆ ಸರಿಯುವುದು ಇಲ್ಲಿ ಯಮನ ಜೊತೆ ಸಲುಗೆ. ಕಡಲಗಾಳಿ ಗೋಡೆಗೆ ಬಡಿದು ಮೇಲೇಳುತ್ತದೆ, ಆ ಗಾಳಿಯ ಮೇಲೆ ಗರುಡಗಳು ರೆಕ್ಕೆ ಬಡಿಯದೆ ಕಣ್ಣಿನ ಮಟ್ಟಕ್ಕೇ ತೇಲುತ್ತವೆ. ಪ್ಯಾರಾಗ್ಲೈಡಿಂಗ್‌ನವರು ನೆಚ್ಚುವುದೂ ಅದೇ ಗಾಳಿಯನ್ನು. ಗಾಳಿ ಏರುಪೇರಾದರೆ ಏನಾಗುತ್ತದೆ ಎಂಬುದು 2023ರ ಮಾರ್ಚ್‌ನಲ್ಲಿ ಕಂಡಿತು: ಪ್ರವಾಸಿಯೊಬ್ಬರೂ ತರಬೇತುದಾರರೂ ಇದ್ದ ಗ್ಲೈಡರ್ ಪಾಪನಾಶಂನ ಹೈಮಾಸ್ಟ್ ದೀಪದ ಕಂಬಕ್ಕೆ ಸಿಕ್ಕಿಬಿದ್ದು ಇಬ್ಬರೂ ಬಹಳ ಹೊತ್ತು ನೇತಾಡಿದರು.

ರಾತ್ರಿ ಊಟಕ್ಕೆ ಕೂತಾಗ ಗ್ಲಾಸಿನಲ್ಲಿ ನಸುಗೆಂಪು ಬಣ್ಣದ ಬಿಸಿನೀರು ಬಂದರೆ ತಿರಸ್ಕರಿಸಬೇಡಿ. ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು ಅದು. ಮಟ್ಟ ಅಕ್ಕಿಯ ದಪ್ಪ ಅನ್ನ ಕೆಲವರಿಗೆ ಹಿಡಿಸುವುದಿಲ್ಲ. ಅಪ್ಪಂ, ಪುಟ್ಟು-ಕಡಲೆ ಮಾತ್ರ ನಮ್ಮ ನಾಲಿಗೆಗೆ ಬೇಗ ಒಗ್ಗುತ್ತವೆ. ಖಾರ ಕಡಿಮೆ ಎನಿಸಿದಾಗ ಡಬ್ಬಿಯ ಹಿಂಡಿ ತೆಗೆಯಿರಿ.

ಮೂರನೆಯ ದಿನ: ಗೋಡೆಯ ಬುಡದಲ್ಲಿ

ಬೆಳಗ್ಗೆ ಆರೂವರೆಗೇ ಇಳಿಯಿರಿ. ಬೆಳಕು ಗೋಡೆಯ ಹಿಂದಿನಿಂದ ಬರುವುದರಿಂದ ದಂಡೆ ಬಹಳ ಹೊತ್ತು ನೆರಳಲ್ಲಿರುತ್ತದೆ, ಪದರಗಳನ್ನು ತಾಳ್ಮೆಯಿಂದ ನೋಡಬಹುದು. ಫೋಟೋ ಬೇಕಾದವರು ಮಧ್ಯಾಹ್ನ ನಾಲ್ಕರ ಮೇಲೆ ಬನ್ನಿ, ಆಗ ಬಿಸಿಲು ನೇರವಾಗಿ ಗೋಡೆಯ ಮೇಲೆ ಬೀಳುತ್ತದೆ.

ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ತುದಿಯಲ್ಲಿ ತೂತುತೂತಾದ ಕೆಂಪು ಜಂಬಿಟ್ಟಿಗೆ. ಅದರ ಕೆಳಗೆ ಹಳದಿ, ಬಿಳಿ, ಕಂದು ಬಣ್ಣದ ಮರಳುಗಲ್ಲು. ಅದಕ್ಕೂ ಕೆಳಗೆ ಅಲ್ಲಲ್ಲಿ ಕಪ್ಪು ಪಟ್ಟಿ: ಲಿಗ್ನೈಟ್ ಕಲ್ಲಿದ್ದಲಿನ ತುಣುಕು ಸೇರಿದ ಇಂಗಾಲದ ಜೇಡಿ. ಬಣ್ಣಬಣ್ಣದ ಜೇಡಿಯ ಪದರಗಳೂ ಇವೆ. ಕಪ್ಪು ಜೇಡಿಯೊಳಗಿನ ಮಾರ್ಕಸೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಗಾಳಿ-ನೀರಿಗೆ ತೆರೆದುಕೊಂಡಾಗ ಕೊಳೆತು ತುಕ್ಕಿನ ಬಣ್ಣದ ಗೆರೆ ಬಿಡುತ್ತದೆ. ಮಯೋಸೀನ್-ಪ್ಲಯೋಸೀನ್ ಕಾಲದ, ಅಂದರೆ ಲಕ್ಷಾಂತರ ವರ್ಷ ಹಳೆಯ, ಈ ಪದರಗಳಿಗೆ ಭೂವಿಜ್ಞಾನಿಗಳು ಇಟ್ಟ ಹೆಸರೇ ವರ್ಕಲಿ ಶಿಲಾಸ್ತೋಮ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ಗೋಡೆಯನ್ನು ಭೂಪರಂಪರೆಯ ತಾಣವೆಂದು ಗುರುತಿಸಿದೆ.

ಇಲ್ಲಿ ಬೀದರಕ್ಕೂ ವರ್ಕಲಕ್ಕೂ ಇರುವ ವ್ಯತ್ಯಾಸ ತಿಳಿಯಬೇಕು. ಬೀದರದ ಜಂಬಿಟ್ಟಿಗೆಯ ಕೆಳಗಿರುವುದು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾದ ಕಪ್ಪುಕಲ್ಲು. ನೀರು ಅದರ ಮೇಲೆ ಜಾರಿ ಹೊರಬಂದರೂ ಕಲ್ಲು ಜಾಗ ಬಿಡುವುದಿಲ್ಲ. ಹಾಗಾಗಿಯೇ ಬಹಮನಿಗಳ ಕಾಲದ ನೌಬಾದಿನ ಸುರಂಗಬಾವಿ ಇನ್ನೂ ನಿಂತಿದೆ. ವರ್ಕಲದಲ್ಲಿ ಜಂಬಿಟ್ಟಿಗೆಯ ಕೆಳಗೆ ಇರುವುದು ಮೆತ್ತನೆಯ ಮರಳುಗಲ್ಲು, ಜೇಡಿ. ಮಳೆನೀರು ಮೇಲಿನ ತೂತುಗಳಲ್ಲಿ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ. ಜೇಡಿ ನೆನೆದರೆ ಸೋಪು ಹಚ್ಚಿದ ಬಚ್ಚಲಗಲ್ಲು. ಮೇಲಿನ ಭಾರ ಅದರ ಮೇಲೆ ಜಾರುತ್ತದೆ. ಕೆಳಗೆ ತೆರೆ ಬುಡವನ್ನು ಕೊರೆಯುತ್ತದೆ, ಮೇಲೆ ಕಟ್ಟಡಗಳ ತೂಕವೂ ಅವುಗಳ ಬಚ್ಚಲು, ಸೆಪ್ಟಿಕ್ ಗುಂಡಿಯ ನೀರೂ ಸೇರುತ್ತವೆ. ಅಂಚಿನ ರೂಮು ಬೇಡವೆಂದದ್ದು ಇದಕ್ಕೇ. ಮಳೆ ನಿಂತ ಮೇಲೂ ಒಳಗಿನ ನೀರು ಇಳಿಯಲು ದಿನಗಳು ಬೇಕು, ಆದ್ದರಿಂದ ಬಿಸಿಲು ಬಿದ್ದ ದಿನವೂ ತುಂಡು ಕುಸಿಯಬಹುದು.

ನೋಡಬೇಕಾದ ಗುರುತುಗಳು ಇವು. ದಂಡೆಯ ಮೇಲೆ ಹೊಸದಾಗಿ ಬಿದ್ದ ಹಸಿ ಕೆಂಪು ಮಣ್ಣಿನ ಗುಡ್ಡೆ. ಅಂಚಿನಲ್ಲಿ ಕಡಲಿನ ಕಡೆಗೆ ವಾಲಿದ ತೆಂಗಿನ ಮರ, ಗಾಳಿಯಲ್ಲಿ ತೂಗುವ ಬೇರು. ಕಾಲುದಾರಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಓಡುವ ಬಿರುಕು. ಇವುಗಳಲ್ಲಿ ಒಂದು ಕಂಡರೂ ಕೆಳಗೆ ನಿಲ್ಲಬೇಡಿ. ಮಧ್ಯಾಹ್ನ ಬಿಸಿಲೇರಿದಾಗ ಎಲ್ಲರೂ ಹುಡುಕುವುದು ಗೋಡೆ ಮುಂದಕ್ಕೆ ಚಾಚಿದ ಕಡೆಯ ನೆರಳನ್ನು. ಬುಡ ಕೊರೆದು ಹೋಗಿ ತಲೆ ಉಳಿದಿರುವ ಜಾಗವೇ ಅದು. ಚಾಪೆ ಹಾಸಬಾರದ ಜಾಗವೆಂದರೆ ಇದೇ. ಗೋಡೆಯ ಎತ್ತರದಷ್ಟಾದರೂ ದೂರ ಕುಳಿತುಕೊಳ್ಳಿ, ನೆರಳಿಗೆ ಕೊಡೆ ತನ್ನಿ.

ಬುಡದಲ್ಲಿ ಒಸರುವ ನೀರು ಸಿಹಿ. ಕೆಲವು ಕಡೆ ಕೊಳವೆ ಇಟ್ಟು ಧಾರೆ ಮಾಡಿದ್ದಾರೆ. ಕಡಲಲ್ಲಿ ಮಿಂದವರು ಉಪ್ಪು ತೊಳೆದುಕೊಳ್ಳುವುದು ಅಲ್ಲೇ. ಮೈ ತೊಳೆಯಲು ಚೆನ್ನ, ಕುಡಿಯಬೇಡಿ. ಮೇಲೆ ಊರೇ ಇದೆ, ಆ ಊರಿನ ಗುಂಡಿಗಳೂ ಇವೆ.

ಇನ್ನು ನೀರಿಗಿಳಿಯುವುದು. ಭಾವಿಯಲ್ಲಿ ಹಾರಿ ಈಜು ಕಲಿತ ನಮ್ಮ ಹುಡುಗರಿಗೇ ಇಲ್ಲಿ ಅಪಾಯ ಹೆಚ್ಚು, ಯಾಕೆಂದರೆ ಅವರಿಗೆ ಧೈರ್ಯ ಹೆಚ್ಚು. ಭಾವಿಯ ನೀರು ಎಳೆಯುವುದಿಲ್ಲ. ಇಲ್ಲಿ ದಂಡೆಗೆ ಬಂದ ನೀರು ವಾಪಸು ಹೋಗಲು ಒಂದು ಕಿರಿದಾದ ದಾರಿ ಮಾಡಿಕೊಳ್ಳುತ್ತದೆ. ಎರಡೂ ಬದಿ ತೆರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಶಾಂತವಾಗಿ, ಬಣ್ಣ ಕಡುವಾಗಿ ಅಥವಾ ಕದಡಿದಂತೆ ಕಂಡರೆ ಅದೇ ಆ ದಾರಿ. ಹೊಸಬರು ‘ಇಲ್ಲಿ ತೆರೆ ಇಲ್ಲ’ ಎಂದು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಂಡೆಯ ಕಡೆ ಈಜಿ ಸುಸ್ತಾಗಬೇಡಿ. ಕೈ ಎತ್ತಿ ಕೂಗಿ, ತೇಲುತ್ತ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ, ತೆರೆ ಒಡೆಯುವ ಜಾಗ ಸಿಕ್ಕಾಗ ಅದರ ಜೊತೆ ಒಳಬನ್ನಿ. ಜೀವರಕ್ಷಕರು ಸೀಟಿ ಊದಿದರೆ ಜಗಳವಾಡದೆ ಹಿಂದೆ ಬನ್ನಿ, ಕೆಂಪು ಬಾವುಟ ಇದ್ದ ಕಡೆ ಇಳಿಯಲೇಬೇಡಿ. ಸೀರೆ ಉಟ್ಟು ಮೊಣಕಾಲಿನ ಮೇಲಿನ ನೀರಿಗೆ ಹೋಗುವುದೂ ಬೇಡ, ನೆನೆದ ಸೀರೆ ಕಾಲಿಗೆ ಸುತ್ತಿದರೆ ಒಂದೇ ತೆರೆಗೆ ಆಯ ತಪ್ಪುತ್ತದೆ.

ಏಪ್ರಿಲ್-ಮೇ ರಜೆಯ ಅಪಾಯ ಕಳ್ಳಕ್ಕಡಲ್. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಕೇರಳಕ್ಕೆ ಬರುತ್ತವೆ. ಇಲ್ಲಿ ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಆದರೂ ಕಡಲು ಉಕ್ಕಿ ದಂಡೆ ನುಂಗುತ್ತದೆ. ಗೋಡೆಯ ಬುಡದ ಕಿರಿದಾದ ದಂಡೆಯಲ್ಲಿ ಆಗ ಹಿಂದೆ ಸರಿಯಲು ಜಾಗವೇ ಉಳಿಯುವುದಿಲ್ಲ. ಇದರ ಮುನ್ಸೂಚನೆ ಕೊಡುವ ಇನ್ಕಾಯಿಸ್ ಸಂಸ್ಥೆ ಇರುವುದು ನಮ್ಮ ಪಕ್ಕದ ಹೈದರಾಬಾದಿನಲ್ಲೇ. ಹೊರಡುವ ಹಿಂದಿನ ದಿನ ಮತ್ತು ಅಲ್ಲಿದ್ದಷ್ಟು ದಿನ ಅದರ ಎಚ್ಚರಿಕೆ ನೋಡಿ. ತೆರೆಯ ಬಲ ಎಷ್ಟೆಂದು ಅಂದಾಜಿಲ್ಲದವರಿಗೆ 2024ರ ಮಾರ್ಚ್ ಸಾಕು: ಪಾಪನಾಶಂನ ತೇಲುಸೇತುವೆಗೆ ದೊಡ್ಡ ತೆರೆ ಬಡಿದು ಅದರ ಮೇಲಿದ್ದವರು ಕಡಲಿಗೆ ಬಿದ್ದು ಗಾಯಗೊಂಡರು.

ನಾಲ್ಕನೆಯ ದಿನ: ದೇವಸ್ಥಾನ, ಶಿವಗಿರಿ

ಪಾಪನಾಶಂನ ಮೇಲಿನ ದಿಬ್ಬದಲ್ಲಿ ಜನಾರ್ದನಸ್ವಾಮಿ ದೇವಸ್ಥಾನ, ಹತ್ತಿರದಲ್ಲೇ ಚಕ್ರತೀರ್ಥದ ಕೊಳ. ಗಂಡಸರು ಅಂಗಿ-ಬನಿಯನ್ ತೆಗೆದು ಪಂಚೆಯಲ್ಲಿ ಹೋಗಬೇಕು. ಹಿಂದೂಗಳಲ್ಲದವರಿಗೆ ಒಳಗೆ ಪ್ರವೇಶವಿಲ್ಲ, ಬೇರೆ ಧರ್ಮದ ಗೆಳೆಯರ ಜೊತೆ ಬಂದಿದ್ದರೆ ಬಾಗಿಲಲ್ಲಿ ಮುಜುಗರ ಆಗದಂತೆ ಮೊದಲೇ ಹೇಳಿರಿ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಗ್ಗೆ ಬೇಗ ಹೋಗುವುದೇ ಸರಿ. ಒಳಗೊಂದು ಹಳೆಯ ಗಂಟೆ ಇದೆ. ಗಾಳಿ ಇಲ್ಲದೆ ನಿಂತುಹೋದ ಡಚ್ ಹಡಗು ಇಲ್ಲಿನ ಪೂಜೆಯ ನಂತರ ಹೊರಟಿತೆಂದು ಹಡಗಿನವರು ಕೊಟ್ಟ ಗಂಟೆ ಅದು ಎನ್ನುತ್ತಾರೆ.

ಪಿತೃತರ್ಪಣ ಇಲ್ಲಿ ವರ್ಷವಿಡೀ ನಡೆಯುತ್ತದೆ; ಕರ್ಕಾಟಕ ಮಾಸದ ಅಮಾವಾಸ್ಯೆಗೆ, ಅಂದರೆ ಜುಲೈ-ಆಗಸ್ಟ್‌ನಲ್ಲಿ, ಜನಸಾಗರ. ತರ್ಪಣಕ್ಕೆ ಬರುವವರು ದಂಡೆಗೆ ಬೆಳಗ್ಗೆಯೇ ಇಳಿದು ಸಾಲು ಹಿಡಿಯುತ್ತಾರೆ. ಪ್ರವಾಸಿಗರು ಅವರ ಮಧ್ಯೆ ಚೆಂಡಾಟಕ್ಕೆ ಇಳಿಯದಿದ್ದರೆ ಸಾಕು.

ಶಿವಗಿರಿ ಮಠಕ್ಕೆ ಕಡಲಿಗೆ ಬೆನ್ನು ಹಾಕಿ ಒಳನಾಡಿನ ಕಡೆ ಹೋಗಬೇಕು. ನಾರಾಯಣ ಗುರುಗಳು 1904ರಲ್ಲಿ ಇಲ್ಲಿ ನೆಲೆಯೂರಿದರು, 1912ರಲ್ಲಿ ಶಾರದಾ ದೇವಿಯ ಪ್ರತಿಷ್ಠೆ ಮಾಡಿದರು, 1928ರ ಸೆಪ್ಟೆಂಬರ್ 20ರಂದು ಇಲ್ಲೇ ಸಮಾಧಿಯಾದರು. 1922ರಲ್ಲಿ ರವೀಂದ್ರನಾಥ ಠಾಕೂರರೂ 1925ರಲ್ಲಿ ಗಾಂಧೀಜಿಯೂ ಬಂದು ಗುರುಗಳನ್ನು ಕಂಡುಹೋದರು. ಬಸವಕಲ್ಯಾಣದ ನೆಲದಿಂದ ಹೋದವರಿಗೆ ಈ ಜಾಗದ ಮಾತು ಬಿಡಿಸಿ ಹೇಳಬೇಕಿಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಹನ್ನೆರಡನೆಯ ಶತಮಾನದಲ್ಲಿ ನಮ್ಮಲ್ಲಿ ಎದ್ದ ದನಿ ಇಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮತ್ತೆ ಎದ್ದಿತು, ಗುಡಿಯ ಜೊತೆ ಶಾಲೆಯನ್ನೂ ಕಟ್ಟಿತು. ಅರ್ಧ ದಿನ ಇಲ್ಲಿಗೇ ಇಡಿ. ವರ್ಕಲಕ್ಕೆ ಬಂದು ಕ್ಲಿಫ್ ಮಾತ್ರ ನೋಡಿ ಹೋಗುವವರು ಊರಿನ ಮುಖ್ಯ ಭಾಗವನ್ನೇ ಬಿಟ್ಟು ಹೋಗುತ್ತಾರೆ.

ಐದನೆಯ ದಿನ: ದಕ್ಷಿಣಕ್ಕೆ ಕೋಟೆ, ಉತ್ತರಕ್ಕೆ ಹಿನ್ನೀರು

ಆಟೋ ಒಂದನ್ನು ದಿನದ ಲೆಕ್ಕಕ್ಕೆ ಮಾತಾಡಿಕೊಳ್ಳಿ, ಕಾಯುವ ಸಮಯವೂ ಸೇರಿದೆಯೋ ಇಲ್ಲವೋ ಮೊದಲೇ ಬಾಯಿಬಿಟ್ಟು ಕೇಳಿ. ಬೆಳಗ್ಗೆ ದಕ್ಷಿಣಕ್ಕೆ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಅಂಚುತೆಂಗು. ಈಸ್ಟ್ ಇಂಡಿಯಾ ಕಂಪನಿಯವರು ಆ ಭಾಗವನ್ನು ಆಳುತ್ತಿದ್ದ ಆಟ್ಟಿಂಗಲ್ ರಾಣಿಯ ಅನುಮತಿ ಪಡೆದು 1690ರ ದಶಕದಲ್ಲಿ ಕಟ್ಟಿದ ಕೋಟೆ ಇಲ್ಲಿದೆ. ಬೀದರ ಕೋಟೆಯನ್ನು ಕಣ್ಣಲ್ಲಿಟ್ಟುಕೊಂಡು ಹೋದರೆ ನಿರಾಸೆ, ಚೌಕಾಕಾರದ ಪುಟ್ಟ ಕೋಟೆ, ಅರ್ಧ ತಾಸಿಗೆ ಮುಗಿಯುತ್ತದೆ. ಅದರ ತೂಕ ಇತಿಹಾಸದಲ್ಲಿದೆ: ಕಂಪನಿಯ ಮೆಣಸಿನ ವ್ಯಾಪಾರದ ದಬ್ಬಾಳಿಕೆಗೆ ರೊಚ್ಚಿಗೆದ್ದ ಜನ 1721ರಲ್ಲಿ ಆಟ್ಟಿಂಗಲ್‌ಗೆ ಹೊರಟ ನೂರಕ್ಕೂ ಹೆಚ್ಚು ಇಂಗ್ಲಿಷರನ್ನು ಕೊಂದು ಕೋಟೆಗೆ ಮುತ್ತಿಗೆ ಹಾಕಿದರು. ಪ್ಲಾಸಿ ಕದನಕ್ಕೂ ಮೂವತ್ತಾರು ವರ್ಷ ಮುಂಚಿನ ಮಾತು. ಪಕ್ಕದಲ್ಲೇ ದೀಪಸ್ತಂಭ. ಹತ್ತಿರದ ಕಾಯಿಕ್ಕರ ಕವಿ ಕುಮಾರನ್ ಆಶಾನ್ ಹುಟ್ಟಿದೂರು.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಉತ್ತರದ ಕಾಪ್ಪಿಲ್. ಒಂದು ಬದಿ ಕಡಲು, ಇನ್ನೊಂದು ಬದಿ ಹಿನ್ನೀರಿನ ಕೆರೆ, ನಡುವೆ ಮರಳಿನ ದಿಬ್ಬದ ಮೇಲೆ ರಸ್ತೆ. ದೋಣಿ ಹತ್ತುವ ಮುನ್ನ ಲೈಫ್ ಜಾಕೆಟ್ಟಿನ ಕೊಂಡಿಗಳು ಮುರಿದಿಲ್ಲವೇ ನೋಡಿಕೊಳ್ಳಿ. ಕೆರೆ ಕಡಲಿಗೆ ಬಾಯಿ ತೆರೆಯುವ ಜಾಗದಲ್ಲಿ ಮಾತ್ರ ಕಾಲಿಡಬೇಡಿ. ನೀರು ಮೊಣಕಾಲು ಮಟ್ಟದ್ದೇ ಆದರೂ ಇಳಿತದ ಹೊತ್ತಿಗೆ ಸೆಳೆತ ಬಲು ಜೋರು, ಕಾಲ ಕೆಳಗಿನ ಮರಳೇ ಜಾರಿಹೋಗುತ್ತದೆ.

ಆರನೆಯ ದಿನ: ವಾಪಸು

ವಾಪಸು ಗಾಡಿ ಕನ್ಯಾಕುಮಾರಿಯಿಂದ ಬರುತ್ತದೆ. ರಿಸರ್ವೇಶನ್ ಅರವತ್ತು ದಿನ ಮುಂಚೆ ತೆರೆಯುತ್ತದೆ, ಹೋಗುವುದರ ಜೊತೆಗೇ ಬರುವುದನ್ನೂ ಮಾಡಿಡಿ. ವರ್ಕಲದಂಥ ನಡುವಿನ ನಿಲ್ದಾಣಗಳಿಗೆ ಸೀಟಿನ ಕೋಟಾ ಕಡಿಮೆ, ವೇಟಿಂಗ್ ಲಿಸ್ಟ್ ಬೇಗ ಬೆಳೆಯುತ್ತದೆ, ನಿಧಾನವಾಗಿ ಕರಗುತ್ತದೆ. ಆಗ ಕನ್ಯಾಕುಮಾರಿಯಿಂದಲೇ ಟಿಕೆಟ್ ಮಾಡಿ, ಹತ್ತುವ ನಿಲ್ದಾಣ ವರ್ಕಲ ಶಿವಗಿರಿ ಎಂದು ನಮೂದಿಸಿ. ದುಡ್ಡು ಸ್ವಲ್ಪ ಹೆಚ್ಚು, ಸೀಟು ಸಿಗುವ ಸಂಭವವೂ ಹೆಚ್ಚು. ಹತ್ತುವ ನಿಲ್ದಾಣ ಬದಲಿಸದೆ ನಡುವೆ ಹತ್ತಿದರೆ ಸೀಟು ಬೇರೆಯವರ ಪಾಲಾಗಬಹುದು. ಬದಲಿಸಿದ ಮೇಲೆ ಹಳೆಯ ನಿಲ್ದಾಣದಲ್ಲಿ ಹತ್ತುವ ಹಕ್ಕು ಇರುವುದಿಲ್ಲ. ಒದ್ದೆ ಬಟ್ಟೆಯನ್ನು ಬೇರೆ ಚೀಲದಲ್ಲಿ ಕಟ್ಟಿ ಸೀಟಿನ ಕೆಳಗಿಡಿ. ಕೇರಳದಲ್ಲಿ ಐದು ದಿನ ಒಣಗದ ಟವೆಲ್ಲು ಗುಂತಕಲ್ ದಾಟುವಷ್ಟರಲ್ಲಿ ಕಿಟಕಿಯ ಗಾಳಿಗೇ ಒಣಗುತ್ತದೆ.